ಅಡುಗೆಮನೆ ಗೋಡೆ ಹಾದು ಬಂದ ಅತಿಥಿ

ಕೇಪ್‌ಟೌನಿನ ಟ್ಯಾಕ್ಸಿ ಚಾಲಕಿ ವಾಶೀಲಾ ಸ್ಯಾಮ್ಸೋದಿನ್‌ಗೆ ಒಂದೇ ಆಸೆಯಿತ್ತು: ಡಿಸ್ಟ್ರಿಕ್ಟ್ ಸಿಕ್ಸ್‌ನ ತನ್ನ ತವರುಮನೆಗೆ ಒಬ್ಬ ಅತಿಥಿಯನ್ನಾದರೂ ಕರೆದೊಯ್ಯಬೇಕು. ಮನೆ ಈಗಿರಲಿಲ್ಲ. ಅವಳು ಚಿಕ್ಕವಳಿದ್ದಾಗ ವರ್ಣಭೇದದ ಸರ್ಕಾರ ಆ ಬಡಾವಣೆ ಬಿಳಿಯರಿಗೆ ಮಾತ್ರ ಎಂದು ಸಾರಿ, ಮನೆಗಳನ್ನು ಕೆಡವಿ, ಅಲ್ಲಿದ್ದವರನ್ನೆಲ್ಲ ಊರಾಚೆಯ ಮರಳು ಬಯಲಿಗೆ ಸಾಗಿಸಿತ್ತು. ಮನೆಯಿದ್ದ ಜಾಗದಲ್ಲಿ ಹುಲ್ಲು ಬೆಳೆದಿತ್ತು. ಮುಂದಿನ ವಾರ ಅದಕ್ಕೂ ಬೇಲಿ ಬೀಳಲಿತ್ತು.

ಆ ಭಾನುವಾರ ನೈರೋಬಿಯ ತರುಣಿ ಎನ್ಜೋಕಿ, ಸಂಜೆಯ ವಿಮಾನ ಹಿಡಿಯುವ ಮುನ್ನ ಬೆಟ್ಟ ನೋಡಿಬರೋಣವೆಂದು ವಾಶೀಲಾಳ ಟ್ಯಾಕ್ಸಿ ಹತ್ತಿದಳು. ಬೆಟ್ಟ ಮೋಡ ಹೊದ್ದು ಮಲಗಿತ್ತು.

"ಅದು ಇವತ್ತು ಏಳಲ್ಲ. ನಮ್ಮನೆಗೆ ಬರ್ತೀಯಾ ಮಗಳೇ?" ಎಂದಳು ವಾಶೀಲಾ.

ಹುಲ್ಲಿನ ಅಂಚಿನಲ್ಲಿ ಟ್ಯಾಕ್ಸಿ ನಿಲ್ಲಿಸಿ ವಾಶೀಲಾ ಚಪ್ಪಲಿ ಬಿಟ್ಟಳು. ಎನ್ಜೋಕಿ ಬೂಟುಗಾಲಲ್ಲೇ ಅಡ್ಡಹಾಯ್ದು ನಡೆದಳು.

"ಏ, ಏ! ಅಡುಗೆಮನೆ ಗೋಡೆ ಒಡ್ಕೊಂಡು ಹೋಗ್ತಿದೀಯಲ್ಲೇ! ಸರ್ಕಾರ ಒಡೆದಿದ್ದು ಸಾಲ್ದಾ? ಬಾಗಿಲು ಈ ಕಡೆ."

ಎನ್ಜೋಕಿ ನಕ್ಕಳು. ವಾಶೀಲಾಳ ಮುಖ ನೋಡಿದ ಮೇಲೆ ಅವಳ ನಗು ನಿಂತಿತು. ಸುತ್ತು ಹಾಕಿ ಬಂದು, ಬೂಟು ಕಳಚಿ, ಇಲ್ಲದ ಬಾಗಿಲ ಮುಂದೆ ನಿಂತಳು.

"ಆಂಟಿ, ಒಳಗೆ ಬರ್ಲಾ?"

 

"ಬಾರಮ್ಮ, ಬಾ," ಎನ್ನುತ್ತ ವಾಶೀಲಾ ಪಾಕದಲ್ಲಿ ಅದ್ದಿ ಕೊಬ್ಬರಿಯಲ್ಲಿ ಹೊರಳಿಸಿದ ಕೂಸಿಸ್ಟರ್ ಎಂಬ ಕರಿದ ಸಿಹಿತಿಂಡಿಯ ಡಬ್ಬಿ ತೆರೆದಳು. ಎನ್ಜೋಕಿ ಹುಲ್ಲಿನ ಮೇಲೆ ಕೂರಹೋದಳು.

"ಅಲ್ಲಿ ಬೇಡ ಕಣೇ! ಅದು ನಮ್ಮಪ್ಪ ಕೂರೋ ಜಾಗ. ಕಿಟಕಿ ಹತ್ರ ಬಾ, ಗಾಳಿ ಚೆನ್ನಾಗಿ ಬರುತ್ತೆ."