ಬಿಚ್ಚಿದ ಸಾಮಾನಿನ ಚೀಟಿ

ಮಹಡಿ ಮೆಟ್ಟಿಲಿನ ಕೆಳಗೆ, ಒಬ್ಬರು ಕೂತರೆ ಇನ್ನೊಬ್ಬರು ನಿಂತೇ ಇರಬೇಕಾದಷ್ಟು ಜಾಗದಲ್ಲಿ, ಇಪ್ಪತ್ತೆರಡು ವರ್ಷದಿಂದ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದವರನ್ನು ಬೀದಿಯವರೆಲ್ಲ ಚೀಟಿ ಮೇಷ್ಟ್ರು ಎನ್ನುತ್ತಿದ್ದರು. ಅವರು ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ಮೌಸ್ ಕೆಟ್ಟಿದೆ ಎಂದು ಬಂದವರನ್ನೂ ಅರ್ಧ ಗಂಟೆ ಬುದ್ಧಿ ಹೇಳದೆ ಕಳಿಸುತ್ತಿರಲಿಲ್ಲವಾದ್ದರಿಂದ ಮೇಷ್ಟ್ರು ಎಂಬುದು ತಾನಾಗಿಯೇ ಅಂಟಿಕೊಂಡಿತ್ತು.

ಚೀಟಿಯದು ಬೇರೆ ಕತೆ. ಎಷ್ಟೋ ಅಂಗಡಿಗಳಲ್ಲಿ ಬಿಚ್ಚಿದ ಹಳೆಯ ಭಾಗ ಎಲ್ಲಿ ಹೋಯಿತೆಂದು ಕೇಳುವವರಿಲ್ಲ. ಮಾರನೆಯ ದಿನ ಅದು ಇನ್ಯಾರದೋ ಕಂಪ್ಯೂಟರಿನಲ್ಲಿ ಹೊಸದಾಗಿ ಹುಟ್ಟಿರುತ್ತದೆ. ಮೇಷ್ಟ್ರು ಮಾತ್ರ ಬಿಚ್ಚಿದ್ದನ್ನೆಲ್ಲ, ಸವೆದ ಸ್ಕ್ರೂವನ್ನೂ ಬಿಡದೆ, ಒಂದು ಕವರಿಗೆ ಹಾಕಿ, ‘ಬಿಚ್ಚಿದ ಸಾಮಾನು’ ಎಂದು ಮೇಲೆ ಬರೆದು, ಒಂದೊಂದನ್ನೂ ಕೆಳಗೆ ಪಟ್ಟಿಮಾಡಿ, ಚೀಟಿಸಮೇತ ಗಿರಾಕಿಯ ಕೈಗೆ ಕೊಡುತ್ತಿದ್ದರು.

“ಇದನ್ನಿಟ್ಕೊಂಡು ನಾನೇನ್ ಮಾಡ್ಲಿ ಮೇಷ್ಟ್ರೇ?”

“ಎಸೀರಿ. ಆದ್ರೆ ನೀವೇ ಎಸೀರಿ.”

ಆ ಚೀಟಿಯ ಮೇಲೆ ಬೀದಿಗೆ ಎಷ್ಟು ನಂಬಿಕೆ ಎಂದರೆ, ಮೇಷ್ಟ್ರು ಕೆಟ್ಟಿದೆ ಎಂದರೆ ಕೆಟ್ಟಿದೆ. ಎರಡನೆಯ ಮಾತೇ ಇಲ್ಲ.

ಆದರೆ ಒಂದು ವರ್ಷದಿಂದ ಬಲಗೈಯ ಹೆಬ್ಬೆರಳು ಮೇಷ್ಟ್ರ ಮಾತು ಕೇಳುತ್ತಿರಲಿಲ್ಲ. ಮೊದಮೊದಲು ಬೆಳಗ್ಗೆ ಮಾತ್ರ ನಡುಗುತ್ತಿತ್ತು; ಆಮೇಲೆ ತೋರುಬೆರಳೂ ಅದರ ಜೊತೆ ಸೇರಿಕೊಂಡಿತು. ಹೆಂಡತಿ ಏನೂ ಕೇಳಲಿಲ್ಲ, ಟೀ ಲೋಟ ಅರ್ಧಕ್ಕೆ ಇಳಿಸಿದಳು. “ಏನಿದು, ಅರ್ಧಾನಾ?” ಎಂದು ಇವರು ಗೊಣಗುವುದು, “ಹಾಲು ಕಮ್ಮಿ ಇತ್ತು ರೀ” ಎಂದು ಅವಳು ಒಳಗೆ ಹೋಗುವುದು, ದಿನಾ ಇದೇ ನಾಟಕ. ವರ್ಷವಿಡೀ ಒಂದು ಮನೆಯಲ್ಲಿ ಹಾಲು ಕಮ್ಮಿಯಾಗುತ್ತದೆಯೇ? ಇಬ್ಬರಿಗೂ ಗೊತ್ತಿತ್ತು. ಕೈ ನಡುಗುವುದು ಒಬ್ಬ ಗಿರಾಕಿಯ ಕಣ್ಣಿಗೆ ಬಿದ್ದರೆ ಸಂಜೆಯೊಳಗೆ ಬೀದಿಗೆಲ್ಲ ತಿಳಿಯುತ್ತದೆ, ಆಮೇಲೆ ಈ ಗೂಡು ಬಿಟ್ಟು ತಾನು ಎಲ್ಲಿ ಕೂರುವುದು ಎಂಬ ಭಯ ಮೇಷ್ಟ್ರನ್ನು ಒಳಗೊಳಗೇ ತಿನ್ನುತ್ತಿತ್ತು. ಮೊಬೈಲು, ಲ್ಯಾಪ್‌ಟಾಪು ಬಂದರೆ “ಅದರಲ್ಲೇನೂ ಗಿಟ್ಟಲ್ಲ” ಎಂದು ವಾಪಸ್ ಕಳಿಸತೊಡಗಿದರು.

ಅಂಥ ದಿನಗಳಲ್ಲೇ ಎದುರು ಸಾಲಿನ ಟೈಲರಮ್ಮ ಹಳೆಯ ದುಪ್ಪಟಿಯಲ್ಲಿ ಸುತ್ತಿದ ಕಂಪ್ಯೂಟರನ್ನು ಮಗುವಿನಂತೆ ಎತ್ತಿಕೊಂಡು ಬಂದದ್ದು. ರವಿಕೆಗಳಿಗೆ ಸಣ್ಣ ಕಸೂತಿ ಹಾಕುವುದರಲ್ಲಿ ಎತ್ತಿದ ಕೈ. ಮನೆಯಲ್ಲಿ ಅವಳೂ ಅವಳಣ್ಣನೂ ಇಬ್ಬರೇ. ಅಣ್ಣ ಕಟ್ಟಡಗಳಿಗೆ ಬಣ್ಣ ಹೊಡೆಯುತ್ತಿದ್ದವನು, ಎರಡು ವರ್ಷದ ಹಿಂದೆ ಏಣಿಯಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡಿದ್ದ.

“ಹೊಸಾ ಆಟ ಓಡ್ಬೇಕು ಮೇಷ್ಟ್ರೇ,” ಎಂದಳು. “ಅವನ ಜೊತೆ ಕೆಲ್ಸ ಮಾಡ್ತಿದ್ದೋರು ನಾಲ್ಕು ಜನ ಸಂಜೆ ಕಂಪ್ಯೂಟರಲ್ಲಿ ಇವನ ಜೊತೆ ಆಡ್ತಾರೆ. ಆಟ ನೆಪ, ಮಾತೇ ಜಾಸ್ತಿ. ಈಗ ಅವ್ರೆಲ್ಲ ಹೊಸಾ ಆಟಕ್ಕೆ ಹೋಗ್ಬಿಟ್ರು, ಅದು ಇದರಲ್ಲಿ ಓಪನ್ನೇ ಆಗಲ್ಲ. ಒಂದು ತಿಂಗಳಿಂದ ಗೋಡೆ ನೋಡ್ಕೊಂಡು ಮಲಗಿದಾನೆ.”

ಮೇಷ್ಟ್ರು ಮುಚ್ಚಳ ತೆಗೆದು ಇಣುಕಿದರು. ಅಗ್ಗದ ಪೈಕಿ ಅಗ್ಗದ್ದು, ಆದರೆ ಮದರ್‌ಬೋರ್ಡು ಗಟ್ಟಿಯಾಗಿತ್ತು. ಅದರ ಮೇಲೆಯೇ ಒಳ್ಳೆಯ ಸೆಕೆಂಡ್‌ಹ್ಯಾಂಡ್ ಪ್ರೊಸೆಸರ್ ಕೂರಿಸಬಹುದು, ರ‍್ಯಾಮ್ ಎರಡರಷ್ಟು ಮಾಡಬಹುದು, ಚಿತ್ರ ಸರಾಗವಾಗಿ ಓಡಲು ಒಂದು ದೊಡ್ಡ ಗ್ರಾಫಿಕ್ಸ್ ಕಾರ್ಡು ಹಾಕಬಹುದು.

“ಎಲ್ಲಕ್ಕಿಂತ ಮೊದ್ಲು ಕರೆಂಟ್ ಕೊಡೋ ಈ ಡಬ್ಬಿ ಬದಲಾಯಿಸ್ಬೇಕು ತಾಯಿ. ಎಲ್ಲಾರೂ ಕಾರ್ಡಿಗೆ ದುಡ್ಡು ಸುರೀತಾರೆ, ಇದನ್ನ ಯಾರೂ ಕೇಳಲ್ಲ. ಆಮೇಲೆ ಎಲ್ಲಾ ಒಟ್ಟಿಗೆ ಸುಟ್ಟು ಹೋದಾಗ ನನ್ನ ಹತ್ರ ಅಳ್ತಾ ಬರ್ತಾರೆ.”

“ನೀವು ಹೇಳಿದ್ ಹಾಗೇ ಮಾಡಿ. ನನಗೇನ್ ಗೊತ್ತಾಗುತ್ತೆ,” ಎಂದು, ಕೂಡಿಸಿಟ್ಟಿದ್ದನ್ನೆಲ್ಲ ಮೇಜಿನ ಮೇಲಿಟ್ಟು ಹೋದಳು. ಇದಕ್ಕಿಂತ ಒಂದು ಪೈಸೆಯೂ ಮೇಲೆ ಹುಟ್ಟುವುದಿಲ್ಲ ಎಂಬುದು ಮುಖದಲ್ಲೇ ಕಾಣುತ್ತಿತ್ತು.

ಮಾರನೆಯ ಮಧ್ಯಾಹ್ನ ಮೇಷ್ಟ್ರು ಕೆಲಸಕ್ಕೆ ಕೂತರು. ಡಬ್ಬಿ ಬದಲಾಯಿತು, ರ‍್ಯಾಮ್ ಕಟಕ್ಕೆಂದು ಕೂತಿತು. ಉಳಿದದ್ದು ಪ್ರೊಸೆಸರ್. ಬೋರ್ಡಿನ ಮೇಲೆ ಅದು ಕೂರುವ ಚೌಕದ ತುಂಬ ಸಾವಿರಕ್ಕೂ ಹೆಚ್ಚು ಪಿನ್ನುಗಳು, ಒಂದೊಂದೂ ಕೂದಲಿನಷ್ಟು ತೆಳು. ಅದನ್ನು ನೇರ ಮೇಲಿನಿಂದ ಇಳಿಸಬೇಕು, ಜಾರಿಸುವಂತಿಲ್ಲ, ಒತ್ತುವಂತಿಲ್ಲ. ಕಣ್ಣು ಮುಚ್ಚಿಕೊಂಡು ಸಾವಿರ ಸಲ ಮಾಡಿದ ಕೆಲಸ. ಬೆರಳಿನ ತುದಿಯಲ್ಲಿ ಹಿಡಿದು ಇನ್ನೇನು ಇಳಿಸಬೇಕು, ಹೆಬ್ಬೆರಳು ಒಮ್ಮೆ ಮಿಡಿಯಿತು. ಒಂದು ಮೂಲೆ ಪಿನ್ನುಗಳ ಮೇಲೆ ಬಿತ್ತು.

ಸದ್ದೂ ಆಗಲಿಲ್ಲ. ಭೂತಗನ್ನಡಿ ಹಿಡಿದು ನೋಡಿದರೆ ಎರಡು ಸಾಲು ಗಾಳಿಗೆ ಸಿಕ್ಕ ಪೈರಿನ ಹಾಗೆ ಒಂದೇ ಕಡೆ ಮಲಗಿತ್ತು. ಚಿಮುಟದಿಂದ ಎತ್ತಲು ಹೋದರು. ಬಗ್ಗಿಸಿದ ಕೈಯೇ ತಾನೇ ಎತ್ತಬೇಕಾದದ್ದೂ? ಇನ್ನೂ ನಾಲ್ಕು ಬಗ್ಗಿದವು, ಒಂದು ಮುರಿದು ಬಿತ್ತು. ಬೋರ್ಡಿನ ಕತೆ ಮುಗಿದಿತ್ತು. ಮೇಷ್ಟ್ರು ಬಾಗಿಲು ಅರ್ಧ ಎಳೆದುಕೊಂಡರು.

ಆಮೇಲೆ ಫೋನು ಮಾಡಿದರು. “ಬೋರ್ಡ್ ಹೋಗಿದೆಯಮ್ಮ. ಹಳೇದಲ್ವಾ, ಒಳಗೇ ಸುಟ್ಟಿದೆ.”

ಇಪ್ಪತ್ತೆರಡು ವರ್ಷದಲ್ಲಿ ಗಿರಾಕಿಗೆ ಹೇಳಿದ ಮೊದಲ ಸುಳ್ಳು, ಎಷ್ಟು ಸಲೀಸಾಗಿ ಬಂತೆಂದರೆ ಅವರಿಗೇ ಹೆದರಿಕೆಯಾಯಿತು.

ಅತ್ತ ಹೊಲಿಗೆ ಯಂತ್ರದ ಸದ್ದು ನಿಂತಿತು. “ಸದ್ಯ, ನಿಮ್ಮ ಕೈಗೆ ಬಂದಿದ್ದಕ್ಕೆ ನಿಜ ಗೊತ್ತಾಯ್ತು ಮೇಷ್ಟ್ರೇ. ಬೇರೆಯೋರಾಗಿದ್ರೆ ಟೋಪಿ ಹಾಕಿರೋರು.”

ಬೇರೆ ಬೋರ್ಡು ಕೊಳ್ಳಬೇಕಾಯಿತು, ದುಡ್ಡು ಇದ್ದಷ್ಟೇ. ಹಾಗಾಗಿ ದೊಡ್ಡ ಕಾರ್ಡು ಬಿಟ್ಟು ಸಣ್ಣದೊಂದನ್ನು ಹಾಕಿದರು. ಈ ಸಲ ಬಲ ಮಣಿಕಟ್ಟನ್ನು ಎಡಗೈಯಲ್ಲಿ ಬಿಗಿಹಿಡಿದು ಪ್ರೊಸೆಸರನ್ನು ಹೇಗೋ ಇಳಿಸಿದರು. ಬೋರ್ಡನ್ನು ತಮ್ಮ ದುಡ್ಡಿನಲ್ಲೇ ಹಾಕಿಕೊಡಬಹುದಿತ್ತು, ಆದರೆ ಯಾಕೆ ಎಂದು ಕೇಳಿದರೆ ಏನು ಹೇಳುವುದು? ಕೂಲಿ ಬೇಡ ಎಂದು ಮಾತ್ರ ಹೇಳಿ ದೊಡ್ಡ ಮನುಷ್ಯರಾದರು. ಅವಳು ಕೈ ಮುಗಿದದ್ದನ್ನು ನೋಡಲಾಗದೆ ತಲೆ ತಗ್ಗಿಸಿ, ಬಿಚ್ಚಿದ್ದನ್ನೆಲ್ಲ ಕವರಿಗೆ ತುಂಬಿ, ಚೀಟಿ ಬರೆದು ಕೊಟ್ಟರು. ಹಳೇ ಪ್ರೊಸೆಸರ್ ಒಂದು, ಹಳೇ ಡಬ್ಬಿ ಒಂದು, ಮದರ್‌ಬೋರ್ಡ್ ಒಂದು. ಕಳ್ಳತನ ಮಾಡಿದವನು ತನ್ನ ವಿಳಾಸವನ್ನೂ ಬರೆದಿಟ್ಟು ಬಂದ ಹಾಗಾಯಿತು. ಆದರೆ ಕೈಗೆ ರೂಢಿಯಾದದ್ದನ್ನು ತಲೆ ತಡೆಯಲಿಲ್ಲ.

ಐದನೆಯ ದಿನ ಟೈಲರಮ್ಮ ಅದೇ ಕವರು ಹಿಡಿದು ಬಂದಳು. ಬೋರ್ಡನ್ನು ತೆಗೆದು ಮೇಜಿನ ಮೇಲಿಟ್ಟಳು.

“ನಾನು ಸೂಜಿ ಹಿಡಿಯೋಳು ಮೇಷ್ಟ್ರೇ. ಕಸೂತಿ ಕನ್ನಡಕ ಹಾಕ್ಕೊಂಡು ನೋಡ್ದೆ. ಇದು ಸುಟ್ಟಿದ್ದಲ್ಲ. ಮೇಲಿಂದ ಏನೋ ಬಿದ್ದು ಬಗ್ಗಿರೋದು.”

ಮೇಷ್ಟ್ರು ಬಲಗೈಯನ್ನು ಮೇಜಿನ ಕೆಳಗೆ ಎಳೆದುಕೊಂಡರು. ಇನ್ನೊಂದು ಸುಳ್ಳು ನಾಲಿಗೆಯ ತುದಿಯಲ್ಲಿ ಸಿದ್ಧವಾಗಿತ್ತು.

“ಬೋರ್ಡ್ ಹೋದ್ರೆ ಹೋಗ್ಲಿ,” ಎಂದಳು ಅವಳು. “ಆಟ ತಡೆದು ತಡೆದು ಓಡುತ್ತೆ, ಅದೂ ಹೋಗ್ಲಿ. ಆದ್ರೆ ನಮ್ಮಣ್ಣ ಐದು ದಿನದಿಂದ ಸರಿಯಾಗಿ ಊಟ ಮಾಡಿಲ್ಲ. ಹಿಂದೆ ಒಂದ್ಸಲ ಫ್ಯಾನ್ ಕರಕರ ಅಂದಾಗ ಆಫ್ ಮಾಡ್ದೆ ಆಡಿದ್ನಂತೆ. ನಾನೇ ಸುಟ್ಟೆ, ನಿನ್ನ ದುಡ್ಡೆಲ್ಲ ನಾನೇ ಹಾಳು ಮಾಡ್ದೆ, ಮುಟ್ಟಿದ್ದೆಲ್ಲ ಕೆಡಿಸ್ತೀನಿ ಅಂತ ಅಳ್ತಾನೆ. ಬಿದ್ದಾಗ್ಲೂ ಹೀಗೇ ಅಂದಿದ್ದ.”

 ಸುಳ್ಳನ್ನು ಹೊರಿಸಿದ್ದು ಬೋರ್ಡಿನ ಮೇಲೆ ಎಂದು ಮೇಷ್ಟ್ರು ಅಂದುಕೊಂಡಿದ್ದರು. ಅದು ಹೋಗಿ ಹಾಸಿಗೆ ಹಿಡಿದವನ ಎದೆಯ ಮೇಲೆ ಕೂತಿತ್ತು. ಬಲಗೈಯನ್ನು ತೆಗೆದು ಅವಳ ಮುಂದೆ, ಬೋರ್ಡಿನ ಪಕ್ಕದಲ್ಲೇ ಇಟ್ಟರು. ಅದು ನಡುಗುತ್ತಿತ್ತು.

ಅವಳು ನೋಡಿದಳು. ಬೈಯುತ್ತಾಳೆಂದು ಕಾದರು, ಬೈದಿದ್ದರೆ ಹಗುರಾಗುತ್ತಿತ್ತು. “ಇದನ್ನ ಅವನಿಗೆ ನೀವೇ ತೋರಿಸ್ಬೇಕು,” ಎಂದಳು.

ಅಂಗಡಿಯಲ್ಲಿ ಮೇಷ್ಟ್ರ ಸ್ವಂತ ಕಂಪ್ಯೂಟರೊಂದಿತ್ತು. ಅದರ ದೊಡ್ಡ ಕಾರ್ಡನ್ನು ಅವಳಿಂದಲೇ ಬಿಚ್ಚಿಸಿಕೊಂಡು ಅವಳ ಹಿಂದೆ ಮನೆಗೆ ನಡೆದರು.

ಒಂದೇ ಕೋಣೆಯ ಮನೆ. ಕಿಟಕಿಯ ಕಡೆ ಹೊಲಿಗೆ ಯಂತ್ರ, ಗೋಡೆಯ ಕಡೆ ಮಂಚ, ಮಂಚಕ್ಕೆ ಅಡ್ಡಲಾಗಿ ಹಲಗೆಯ ಮೇಲೆ ಪರದೆ. ಮೇಷ್ಟ್ರು ನಿಂತೇ ಹೇಳಿದರು. “ನೀನೇನೂ ಸುಟ್ಟಿಲ್ಲಪ್ಪ. ನಾನು ಬೀಳಿಸ್ದೆ. ಕೈ ನಡುಗುತ್ತೆ, ಒಂದು ವರ್ಷದಿಂದ. ಯಾರಿಗೂ ಹೇಳಿರ್ಲಿಲ್ಲ.”

ಅವನು ಆ ಕೈಯನ್ನೇ ನೋಡುತ್ತ ಮಲಗಿದ್ದ. “ನನಗೂ ಏಣಿ ಹತ್ತಿದ್ರೆ ತಲೆ ಸುತ್ತು ಬರ್ತಿತ್ತು ಮೇಷ್ಟ್ರೇ. ಕೆಲಸದಿಂದ ತೆಗೀತಾರೆ ಅಂತ ನಾನೂ ಹೇಳಿರ್ಲಿಲ್ಲ,” ಎಂದ.

ತಂಗಿ ತಟ್ಟನೆ ಅವನತ್ತ ತಿರುಗಿದಳು. ಅವಳಿಗೂ ಇದು ಗೊತ್ತಿರಲಿಲ್ಲ.

ಮೇಷ್ಟ್ರು ಬಾಯಲ್ಲಿ ಹೇಳಿದರು, ಅವಳು ಕೈಯಲ್ಲಿ ಮಾಡಿದಳು. ಕಾರ್ಡು ನೇರವಾಗಿ ಕೂತಿತು. ಸೂಜಿಯ ಕೈ ಕೂದಲೆಳೆಯಷ್ಟೂ ಅಲುಗಲಿಲ್ಲ. ಸಂಜೆ ಆಟ ತೆರೆದುಕೊಂಡಿತು, ಸ್ಪೀಕರಿನಿಂದ ಯಾರೋ “ಎಲ್ ಸತ್ತಿದ್ಯೋ ಇಷ್ಟು ದಿನ?” ಎಂದು ಕೂಗಿದರು. ಅಣ್ಣ ಮೈಕನ್ನು ಬಾಯಿಯ ಹತ್ತಿರಕ್ಕೆ ಎಳೆದುಕೊಂಡ. ಮೇಷ್ಟ್ರು ಚೀಟಿ ಬರೆಯಲು ಹೋಗಿ, ಪೆನ್ನನ್ನು ಅವಳಿಗೆ ಕೊಟ್ಟರು. ‘ಬಿಚ್ಚಿದ ಸಾಮಾನು: ಸಣ್ಣ ಕಾರ್ಡ್ ಒಂದು’ ಎಂದು ಬರೆಸಿ, ಸ್ಕ್ರೂಡ್ರೈವರನ್ನೂ ಅವಳ ಮೇಜಿನ ಮೇಲೆಯೇ ಬಿಟ್ಟು ಎದ್ದರು.

ಬೀದಿಗೆ ಅವಳು ಹೇಳಲಿಲ್ಲ. ಹೇಳಬೇಕಾಗಿಯೂ ಬರಲಿಲ್ಲ; ಆ ಕೆಲಸವನ್ನು ಮೇಷ್ಟ್ರೇ ಶುರುಮಾಡಿದರು, ಅದೂ ಮನೆಯಿಂದ. ಮಾರನೆಯ ಬೆಳಗ್ಗೆ ಅಂಗಡಿಗೆ ಹೊರಡುವ ಹೊತ್ತು ಮೀರಿದರೂ ಮೇಷ್ಟ್ರು ಅಡುಗೆಮನೆಯ ಬಾಗಿಲಲ್ಲೇ ಕೂತಿದ್ದರು. ಹೆಂಡತಿ ಅನುಮಾನಿಸುತ್ತ ಟೀ ಸೋಸತೊಡಗಿದಳು.

“ಅರ್ಧ ಲೋಟಾನೇ ಹಾಕು ಕಣೇ,” ಎಂದರು ಮೇಷ್ಟ್ರು. “ಚೆಲ್ಲುತ್ತೆ.”