ಕಂಬಕ್ಕೆ ಹಚ್ಚಿದ ಎಣ್ಣೆ

ನನ್ನ ಮಗಳು ಶ್ರಾವಣಿ ತಾನಾಗಿ ಬೀಳಲಿಲ್ಲ. ಅವಳನ್ನು ಬೀಳಿಸಿದವಳು ನಾನು — ಹೆತ್ತವಳು. ಅವಳು ತಲೆಕೆಳಗಾಗಿ ಜೋತುಬೀಳುವ ಕಂಬಕ್ಕೆ ಔಡಲೆಣ್ಣೆ ಹಚ್ಚಿದೆ. ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ದೇವರ ಮುಂದೆ ಕೂತಾಗಲೂ ಬೇರೆ ಏನೋ ಬೇಡಿಕೊಂಡು ಎದ್ದುಬಿಡುತ್ತಿದ್ದೆ.

ನಾವು ಹುಬ್ಬಳ್ಳಿ ಕಡೆಯವರು. ಯಜಮಾನರ ಬ್ಯಾಂಕಿನ ವರ್ಗಾವಣೆ ನಮ್ಮನ್ನು ವಿಜಯವಾಡಕ್ಕೆ ತಂದು ಹಾಕಿತು. ಅಲ್ಲಿನ ಪಟಮಟ ಬಡಾವಣೆಯಲ್ಲೇ ಮನೆ ಮಾಡಿಕೊಂಡು ಉಳಿದೆವು. ವಿಶಾಖಪಟ್ಟಣಕ್ಕೆ ಓದಲು ಹೋದ ಶ್ರಾವಣಿ ಪೋಲ್ ಡ್ಯಾನ್ಸ್ ಕಲಿತು ಬಂದಳು. ಮಹಡಿಯ ಕೋಣೆಯಲ್ಲಿ ನೆಲದಿಂದ ಸೂರಿನವರೆಗೆ ಉಕ್ಕಿನ ಕಂಬ ನಿಲ್ಲಿಸಿದಳು. ಆಟೋನಗರದಿಂದ ಅದನ್ನು ತಂದು ಕೂಡಿಸಿದವನು, ಗೋಡೆ ಗಟ್ಟಿಯಾಗಿಯೇ ಇದೆಯಲ್ಲಮ್ಮಾ, ಸೂರಿಗೆ ಆಸರೆ ಯಾಕೆ ಎಂದು ಕೇಳಿದ್ದ. ನಾನು ನಕ್ಕಿದ್ದೆ. ಆಗಿನ್ನೂ ನಗುತ್ತಿದ್ದೆ.

ನನ್ನಪ್ಪ ಮಲ್ಲಗಂಬದ ಉಸ್ತಾದರು. ಲಂಗೋಟಿ ಕಟ್ಟಿ, ಕಟ್ಟಿಗೆಯ ಕಂಬದ ತುದಿಯಲ್ಲಿ ಅವರು ಮೈ ತಿರುಚಿ ನಿಂತರೆ ಊರೇ ಸಿಳ್ಳೆ ಹೊಡೆದು ಹಾರ ಹಾಕುತ್ತಿತ್ತು. ಚಿಕ್ಕವಳಿದ್ದಾಗ ಒಮ್ಮೆ ಆ ಕಂಬ ಹತ್ತಲು ಹೋಗಿ ಅವರಿಂದಲೇ ಕೆನ್ನೆಗೆ ತಿಂದಿದ್ದೆ. ಅದನ್ನು ನೆಪ ಮಾಡಲಾರೆ. ನಡೆದದ್ದು ಹೇಳಿದೆ ಅಷ್ಟೆ.

ಶ್ರಾವಣಿಯ ವಿಡಿಯೋ ಒಂದು ಫೋನಿನಿಂದ ಫೋನಿಗೆ ಹರಿದು ನಮ್ಮ ಬೀದಿಗೆ ಬಂತು. ತೊಡೆ ಕಾಣುವ ಚಡ್ಡಿ — ಬಟ್ಟೆ ಜಾರುತ್ತದೆ, ಚರ್ಮವೇ ಕಂಬವನ್ನು ಹಿಡಿಯಬೇಕು ಎಂದು ಅವಳು ನನಗೆ ಬಿಡಿಸಿ ಹೇಳಿದ್ದಳು. ಬೀದಿಗೆ ಯಾರು ಹೇಳಬೇಕು? ಹಾಲಿನಂಗಡಿಯ ಮುಂದೆ ಒಬ್ಬ ಅವಳ ಕೈ ಹಿಡಿದೆಳೆದು ರಾತ್ರಿಗೆಷ್ಟು ಎಂದು ಕೇಳಿದ. ಅವಳು ಅವನ ಮೂಗಿಗೆ ಗುದ್ದಿದಳು. ಅವನ ರಕ್ತ ಮೆತ್ತಿದ ಮುಷ್ಟಿಯಲ್ಲೇ ಮನೆಗೆ ಬಂದವಳನ್ನು ಅವಳಪ್ಪ ಬೆಲ್ಟು ಬಿಚ್ಚಿ ಹೊಡೆದರು. ಬಕಲ್ ತಾಗಿ ಹುಬ್ಬು ಸೀಳಿತು. ನಾನು ಬಾಗಿಲಲ್ಲೇ ನಿಂತಿದ್ದೆ — ಬಿಡಿಸಲಿಲ್ಲ.

ಮರುದಿನ ಹುಬ್ಬಿಗೆ ಪಟ್ಟಿ ಅಂಟಿಸಿಕೊಂಡು ಮತ್ತೆ ಕಂಬ ಹತ್ತಿದಳು. ವಿಶಾಖಪಟ್ಟಣದಲ್ಲಿ ಸ್ಪರ್ಧೆಯಿದೆ, ಹೋಗಿಯೇ ಹೋಗುತ್ತೇನೆ ಅಂದಳು. ಅವಳಪ್ಪ ಊಟದ ತಟ್ಟೆಯನ್ನು ಗೋಡೆಗೆ ಎಸೆದು ನನ್ನ ಕಡೆ ತಿರುಗಿದರು.

"ಅಕಿ ಕೈಕಾಲು ಮುರಕೊಂಡು ಮನ್ಯಾಗ ಬಿದ್ದಿದ್ದರ ಚಲೋ ಇತ್ತು."

ಸಿಟ್ಟಿನ ಮಾತು. ಅವರು ಆಡಿ ಮರೆತರು. ನಾನು —

ಮುಂಜಾನೆ ಅವಳು ಸ್ಪಿರಿಟ್ಟಿನಿಂದ ಕಂಬ ಒರೆಸಿ ಚಹಾಕ್ಕೆಂದು ಕೆಳಗಿಳಿದಳು. ಒಣಗಿದ ಬಟ್ಟೆ ತರುತ್ತೇನೆಂದು ನಾನು ಮೇಲೆ ಹೋದೆ. ಸ್ಟೂಲು ಹತ್ತಿ, ಅವಳು ತಲೆಕೆಳಗಾಗುವ ಎತ್ತರಕ್ಕೆ ಎಣ್ಣೆಯ ಅರಿವೆ ಸವರಿದೆ. ಕೆಳಗೆ ಹಚ್ಚಲಿಲ್ಲ, ಹತ್ತುವಾಗಲೇ ತಿಳಿದುಬಿಡುತ್ತಿತ್ತು. ಅಷ್ಟು ಲೆಕ್ಕ ಹಾಕಿದ ಕೈ ಇದು.

ಅಪ್ಪನೂ ಮಲ್ಲಗಂಬಕ್ಕೆ ಔಡಲೆಣ್ಣೆ ಸವರುತ್ತಿದ್ದರು, ಕಟ್ಟಿಗೆಗೆ ಚರ್ಮ ಸುಲಿಯದಿರಲೆಂದು. ಆ ನೆನಪಿನಲ್ಲಿ ತಿಳಿಯದೆ ಹಚ್ಚಿದೆ ಎಂಬ ಸುಳ್ಳನ್ನು ಸಿದ್ಧ ಮಾಡಿಟ್ಟುಕೊಂಡಿದ್ದೆ. ಯಾರೂ ಕೇಳಲಿಲ್ಲ. ಉಕ್ಕಿನ ಮೇಲೆ ಎಣ್ಣೆ ಏನು ಮಾಡುತ್ತದೆಂದು ನನಗೆ ತಿಳಿದಿತ್ತು. ಗಂಡನ ಮಾತಿಗೆ ಮಾಡಿದೆನೇ, ಬೀದಿಯ ಹೆದರಿಕೆಗೆ ಮಾಡಿದೆನೇ... ಎರಡೂ ಅಲ್ಲ. ಅಷ್ಟು ಹೊಡೆತ ತಿಂದೂ ಅವಳಿಗೆ ನಾಚಿಕೆಯಾಗಿರಲಿಲ್ಲ. ಅದನ್ನು ನನ್ನಿಂದ ಸಹಿಸಲಾಗಲಿಲ್ಲ.

ಚಹಾ ಕುಡಿದು ಅವಳು ಮೇಲೆ ಹೋದಳು. ಒಲೆಯ ಮುಂದೆ ನಿಂತು ಕಾದೆ. ಧಡ್ ಎಂದು ಸದ್ದಾಯಿತು. ಆಮೇಲೆ ಕೂಗು ಬರಬೇಕಿತ್ತು — ಬರಲಿಲ್ಲ. ಓಡಿದೆ. ಎಡಭುಜದ ಎಲುಬು ಚರ್ಮ ಹರಿದು ಹೊರಗೆ ಬಂದಿತ್ತು. ಮುರಿದ ಹಲ್ಲು ನೆಲದ ಮೇಲಿತ್ತು. ಕಣ್ಣು ಮೇಲಾಗಿದ್ದವು. ನಾನು ಮೊದಲು ಮುಟ್ಟಿದ್ದು ಮಗಳನ್ನಲ್ಲ. ಕಂಬ ಒರೆಸಿದೆ. ಆಮೇಲೆ ಅವಳ ಅಂಗೈ, ತೊಡೆ. ಬಾಯಿಯ ರಕ್ತ ಒರೆಸಿದ್ದು ಎಲ್ಲಕ್ಕಿಂತ ಕೊನೆಗೆ.

ಆಸ್ಪತ್ರೆಯಲ್ಲಿ ಪ್ರಜ್ಞೆ ಬಂದಾಗ ಅವಳು ಆಡಿದ ಮೊದಲ ಮಾತು: "ನಂದ ತಪ್ಪವ್ವಾ. ಸರಿಯಾಗಿ ಒರಸಿದ್ದಿಲ್ಲ."

ನಾನು ಹೂಂ ಅಂದೆ.

ಅವಳ ಎಡಗೈ ಇವತ್ತಿಗೂ ಭುಜದಿಂದ ಮೇಲೆ ಏಳುವುದಿಲ್ಲ. ಅವಳಿನ್ನು ಸ್ಪರ್ಧಿಸಲಾರಳು, ವಿಶಾಖಪಟ್ಟಣದಲ್ಲಿ ಹುಡುಗಿಯರಿಗೆ ಕಲಿಸುತ್ತಾಳೆ. ಹೊರದೇಶದ ಕ್ರೀಡಾ ಒಕ್ಕೂಟದವರು ಇದನ್ನೂ ಕ್ರೀಡೆಯೆಂದು ಒಪ್ಪಿದ್ದಾರಂತೆ. ಬೆಲ್ಟು ಹಿಡಿದ ಅದೇ ಕೈಯಲ್ಲಿ ಫೋನು ಹಿಡಿದು ಯಜಮಾನರು ಮನೆಗೆ ಬಂದವರಿಗೆಲ್ಲ ಆ ಸುದ್ದಿ ತೋರಿಸುತ್ತಾರೆ. ನಮ್ಮ ಮಾವನವರ ಮಲ್ಲಗಂಬದ ರಕ್ತ ರೀ ಅಕಿದು ಅನ್ನುತ್ತಾರೆ. ನಾನು ಚಹಾ ತಂದಿಡುತ್ತೇನೆ.

ಮೊನ್ನೆ ಶ್ರಾವಣಿ ಫೋನು ಮಾಡಿದ್ದಳು. ಭಾನುವಾರ ಅವಳ ಹುಡುಗಿಯರ ಸ್ಪರ್ಧೆ. ಒಬ್ಬಳು ಇಳಿದು ಇನ್ನೊಬ್ಬಳು ಹತ್ತುವ ಮುಂಚೆ ಯಾರಾದರೂ ಕಂಬ ಒರೆಸಬೇಕು.

"ಆ ಕೆಲಸಕ್ಕ ನೀನ ಬಾ ಅವ್ವಾ. ಗಟ್ಟಿಗಾ ಒರಸಬೇಕು. ಬ್ಯಾರೆಯವರ ಕೈ ಮ್ಯಾಲ ನಂಗ ನಮ್ಮಕಂ ಇಲ್ಲ."

ನಮ್ಮಕಂ ಅಂದರೆ ನಂಬಿಕೆ. ಹೀಗೆ ತೆಲುಗು ಬೆರೆಸಿಯೇ ಅವಳ ಮಾತು. ಕನ್ನಡ ಓದಲು ಅವಳು ಕಲಿಯಲೇ ಇಲ್ಲ. ಅದಕ್ಕೇ ಇದನ್ನು ಕನ್ನಡದಲ್ಲಿ ಬರೆಯಲು ಕೂತೆನೇನೋ — ಎಲ್ಲರೂ ಓದಲಿ, ಅವಳೊಬ್ಬಳನ್ನು ಬಿಟ್ಟು. ಹಾಗಾದರೆ ಇದೂ ಅವತ್ತಿನ ಹಾಗೆ ಒರೆಸುವ ಕೆಲಸವೇ ಆಯಿತು.

ನಾನು ಹತ್ತಿದ ವಿಶಾಖಪಟ್ಟಣದ ರೈಲು ಅನಕಾಪಲ್ಲಿ ದಾಟುತ್ತಿದೆ, ಇನ್ನು ಸ್ವಲ್ಪವೇ ದೂರ. ನಿಲ್ದಾಣಕ್ಕೆ ಅವಳೇ ಬರುತ್ತಾಳೆ. ಅವಳು ನನ್ನ ಕೈಗೆ ಕಂಬ ಒರೆಸುವ ಬಟ್ಟೆ ಕೊಡುವ ಮುಂಚೆ, ಎದುರಿಗೆ ಕೂತು, ಮೊದಲ ಸಾಲಿನಿಂದ ಇದನ್ನು ಬಾಯಿಬಿಟ್ಟು ಓದುತ್ತೇನೆ. ಅವಳ ಬಲಗೈ ಇನ್ನೂ ಗಟ್ಟಿಯಾಗಿದೆ. ಅದು ನನ್ನ ಮೇಲೆ ಎದ್ದರೆ, ಮುಖ ತಿರುಗಿಸುವುದಿಲ್ಲ.