ಮೇಲೂರಿನ ಶೆಡ್ಡಿನಲ್ಲಿದ್ದ ಎರಡನೇ ಜೀಪು

ಕೀಲಿ ತಿರುಗಿಸಿದ ಮೊದಲ ಸಲಕ್ಕೇ ಎಂಜಿನ್ ಸ್ಟಾರ್ಟ್ ಆಯಿತು. ಮೂವತ್ತು ವರ್ಷ ಹಳೆಯ ಜಪಾನಿನ ಜೀಪು. ಗುಡ್ಡದ ಮೇಲಿನ ನನ್ನ ತೋಟದಿಂದ ದಿನಕ್ಕೆ ಮೂರು ಹೊತ್ತು ಹಿಪ್ಪುನೇರಳೆ ಸೊಪ್ಪು ಇಳಿಸಲು ಇಂಥದ್ದೇ ಬೇಕೆಂದು ಒಂದು ತಿಂಗಳಿಂದ ಅಲೆಯುತ್ತಿದ್ದೆ. ತೆಗೆದುಕೊಳ್ಳುತ್ತೇನೆ ಎನ್ನುವ ಮಾತು ಬಾಯಿಗೆ ಬಂದಿತ್ತು. ಆದರೂ ಚೀಟಿಯಲ್ಲಿ ಬರೆದುಕೊಂಡಿದ್ದ ಕೊನೆಯ ಪ್ರಶ್ನೆ ಬಿಡಲಿಲ್ಲ.

"ಬಿಡಿಭಾಗ ಸಿಗುತ್ತೇನಮ್ಮ?"

ಮೇಲೂರಿನಲ್ಲಿ ರೇಷ್ಮೆ ಸಾಕುವ, ಆ ಜೀಪಿನ ಒಡತಿ ಶೆಡ್ಡಿನ ಬಾಗಿಲು ತಳ್ಳಿದರು. ಒಳಗೆ, ಹುಳ ಗೂಡು ಕಟ್ಟುವ ಚಂದ್ರಿಕೆಗಳ ಹಿಂದೆ, ಅಂಥದ್ದೇ ಇನ್ನೊಂದು ಜೀಪು ಚಕ್ರ, ಗೇರ್‌ಬಾಕ್ಸ್ ಯಾವುದೂ ಇಲ್ಲದೆ ಕೂತಿತ್ತು.

"ಇದೇ ನಮ್ಮ ಅಂಗಡಿ ಕಣಣ್ಣ. ಇದರ ಕ್ಲಚ್ ಪ್ಲೇಟನ್ನೂ ಆ ಗಾಡಿಗೆ ಹಾಕಿದ್ದಾಯ್ತು, ಇನ್ನೊಂದು ಎಲ್ಲೂ ಇಲ್ಲ. ನೀವೂ ಹುಳ ಸಾಕ್ತೀರ ಅಂತ ಹೇಳ್ತಿದೀನಿ. ನಾಲ್ಕನೇ ಜ್ವರ ಎದ್ದು, ಪೊರೆ ಬಿಟ್ಟು ಗಬಗಬ ಸೊಪ್ಪು ತಿನ್ನೋ ಹುಳ ಹಸ್ಕೊಂಡು ಪಾರ್ಟ್ ಬರೋವರ್ಗೂ ಕಾಯ್ತಾವಾ? ಹೋದ ಬೆಳೇಲಿ ನಮ್ಮವು ಕಾಯ್ಲಿಲ್ಲಪ್ಪ."

ಬರಿಗೈಯಲ್ಲಿ ಬಸ್ಸು ಹತ್ತಿದೆ.

ಈಗ ಮೊದಲು ಚಿಂತಾಮಣಿಯ ಬಿಡಿಭಾಗದ ಅಂಗಡಿಗಳಲ್ಲಿ ಕ್ಲಚ್ ಪ್ಲೇಟ್ ಕೇಳುತ್ತೇನೆ, ಅದು ಸಿಗುವ ಗಾಡಿಯನ್ನು ಆಮೇಲೆ ಹುಡುಕುತ್ತೇನೆ. ಇನ್ನೂ ಸಿಕ್ಕಿಲ್ಲ. ಬೆಳಿಗ್ಗೆ ಐದಕ್ಕೆ ಸೊಪ್ಪಿನ ಹೊರೆ ತಲೆಯ ಮೇಲಿಟ್ಟು ಗುಡ್ಡ ಇಳಿಯುವಾಗ, ಮೊದಲ ಸಲಕ್ಕೇ ಸ್ಟಾರ್ಟ್ ಆದ ಆ ಎಂಜಿನ್ನಿನ ಸದ್ದು ಕಿವಿ ಬಿಟ್ಟು ಹೋಗುವುದಿಲ್ಲ.